‘ಒಂಟೆ ಜೇಡ’ ಎನ್ನಬಹುದೇ? ಜೊತೆಗೆ ‘ನಂಜು’ ಪದದ ಬಗ್ಗೆ ಒಂದು ಮಾತು

ಮಾನ್ಯರೇ,

ಕುವೈತ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಕಳೆದ ವಾರ ಒಂದು ವೀಡಿಯೊ ಕಳುಹಿಸಿ, “ಮಾವ, ಇದಕ್ಕೆ ಕನ್ನಡದಲ್ಲಿ ಎಂತ ಹೇಳುವುದು?” ಎಂದು ಕೇಳಿದ. ಮರಳಿನ ಬಣ್ಣದ, ಮೈತುಂಬ ರೋಮವಿದ್ದ ಪ್ರಾಣಿಯೊಂದು ಕೆಲಸಗಾರನೊಬ್ಬನ ನೆರಳಿನಲ್ಲಿ ಬಂದು ನಿಂತಿತ್ತು. ಅವನು ಬೆದರಿ ಹಿಂದೆ ಸರಿದಾಗ ನೆರಳೂ ಸರಿಯಿತು, ನೆರಳಿನೊಡನೆ ಅದೂ ಓಡಿತು. ಅದರ ಕೆಳಗೆ ಯಾರೋ ಕನ್ನಡದಲ್ಲಿಯೇ ‘ಮನುಷ್ಯರನ್ನು ಅಟ್ಟಿಸಿಕೊಂಡು ಬರುವ, ಒಂಟೆಯ ಹೊಟ್ಟೆ ಬಗೆಯುವ ವಿಷಜಂತು ಒಂಟೆ ಜೇಡ’ ಎಂದು ಬರೆದಿದ್ದರು. ಉಡುಪಿಯ ಮಳೆಗಾಲದಲ್ಲಿ ಕುಳಿತು ಮರುಭೂಮಿಯ ಪ್ರಾಣಿಗೆ ಹೆಸರು ಹುಡುಕುವುದು ವಿಚಿತ್ರವಾದರೂ, ಆ ಒಂದು ವಾಕ್ಯದಲ್ಲಿ ಸರಿಯಾದ ಪದ ಒಂದೂ ಇಲ್ಲವೆಂದು ನನಗೆ ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ಜೇಡ’. ಈ ಪ್ರಾಣಿಯು ಜೇಡ, ಚೇಳುಗಳ ದೂರದ ಬಳಗಕ್ಕೆ ಸೇರಿದ್ದರೂ ಇದರ ಗಣವೇ ಬೇರೆ. ಅದಕ್ಕೆ ಸೊಲಿಫ್ಯೂಗೆ ಎಂದು ಹೆಸರು, ಅದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಕಾಲುಗಳು ಎಂಟೇ ಆದರೂ ಬಾಯಿಯ ಬದಿಯ ಸ್ಪರ್ಶಾಂಗಗಳೆರಡು ಕಾಲಿನಷ್ಟೇ ಉದ್ದವಾಗಿರುವುದರಿಂದ ನೋಡಿದವರು ಹತ್ತು ಎಣಿಸುತ್ತಾರೆ. ಮುಖ್ಯವಾದ ಮಾತೆಂದರೆ ಇದು ನೂಲು ತೆಗೆಯುವುದಿಲ್ಲ. ಕನ್ನಡದ ‘ಜೇಡ’ ಪದಕ್ಕೆ ನೇಕಾರನೆಂಬ ಅರ್ಥವೂ ಉಂಟು. ನೇಯ್ಗೆಯ ಕಾಯಕದ ವಚನಕಾರನನ್ನು ನಾವು ಜೇಡರ ದಾಸಿಮಯ್ಯನೆಂದೇ ಕರೆಯುತ್ತೇವೆ. ನಮ್ಮ ಮನೆಗಳ ಗೋಡೆಯ ಮೇಲೆ ಕಾಣುವ ಅಂಗೈ ಅಗಲದ ಜೇಡವು ಬಲೆ ಕಟ್ಟದಿದ್ದರೂ, ಬಿಲ್ಲೆಯಂತಹ ಬಿಳಿಯ ಮೊಟ್ಟೆಚೀಲವನ್ನು ತನ್ನ ನೂಲಿನಿಂದಲೇ ನೇಯ್ದು ಹೊಟ್ಟೆಯಡಿಯಲ್ಲಿ ಹಿಡಿದುಕೊಂಡು ಓಡಾಡುತ್ತದೆ, ಆದ್ದರಿಂದ ಅದು ಹೆಸರಿಗೆ ತಕ್ಕ ಜೇಡವೇ. ನೂಲೇ ಇಲ್ಲದ್ದನ್ನು ಜೇಡವೆಂದರೆ ಕನ್ನಡದ ಮಟ್ಟಿಗೆ ಅದು ಎರಡು ಪಟ್ಟು ತಪ್ಪು.

‘ಒಂಟೆ’ಯ ವಿಷಯ ಇನ್ನೂ ಕೆಟ್ಟದು. ಕನ್ನಡದಲ್ಲಿ ಪ್ರಾಣಿಯ ಹೆಸರು ಪದದ ಮೊದಲಿಗೆ ಬಂದಾಗ ಸಾಮಾನ್ಯವಾಗಿ ಗಾತ್ರವನ್ನೋ ಕೀಳುತನವನ್ನೋ ಹೇಳುತ್ತದೆ: ನೆಗ್ಗಿಲಿಗಿಂತ ದೊಡ್ಡದು ಆನೆನೆಗ್ಗಿಲು, ಪೂಜೆಗೆ ಸಲ್ಲದ್ದು ನಾಯಿತುಳಸಿ. ಹಾಗಾಗಿ ‘ಒಂಟೆ ಜೇಡ’ ಎಂದು ಓದಿದವರ ಮನಸ್ಸಿನಲ್ಲಿ ಭಾರೀ ಗಾತ್ರವೇ ಮೂಡುತ್ತದೆ. 2004ರಲ್ಲಿ ಇರಾಕಿನಿಂದ ಹರಡಿದ ಪ್ರಸಿದ್ಧ ಚಿತ್ರವೂ ಇದೇ ಭ್ರಮೆಯನ್ನು ಬೆಳೆಸಿತು. ಅದರಲ್ಲಿದ್ದದ್ದು ಒಂದಲ್ಲ, ಕಚ್ಚಿಕೊಂಡಿದ್ದ ಎರಡು, ಅವನ್ನೂ ಕ್ಯಾಮರಾದ ತೀರ ಸಮೀಪಕ್ಕೆ ಹಿಡಿಯಲಾಗಿತ್ತು. ಕಾಲು ಚಾಚಿದರೂ ದೊಡ್ಡ ಜಾತಿಗಳು ಸುಮಾರು 15 ಸೆಂ.ಮೀ.ಗೆ ನಿಲ್ಲುತ್ತವೆ. ಒಂಟೆಯ ಹೊಟ್ಟೆ ಬಗೆಯುವುದಂತೂ ಶುದ್ಧ ಕಟ್ಟುಕತೆ.

ನನಗೆ ನಿಜವಾಗಿ ತೊಡಕೆನಿಸಿದ್ದು ‘ವಿಷಜಂತು’. ಎರಡು ಇಕ್ಕಳಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದಂತಿರುವ ಇದರ ದವಡೆಗಳು ಚರ್ಮವನ್ನು ಸೀಳಬಲ್ಲವು, ಕಚ್ಚಿದರೆ ನೋವಾಗುತ್ತದೆ, ಆದರೆ ಇದಕ್ಕೆ ವಿಷಗ್ರಂಥಿಯಿಲ್ಲ. (ಭಾರತದ ಒಂದು ಜಾತಿಯಲ್ಲಿ ಅದು ಕಂಡಿತೆಂಬ ವರದಿ 1978ರಲ್ಲಿ ಬಂದಿತ್ತಾದರೂ ಅನಂತರದ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ.) ಇದನ್ನು ಅಕ್ಕನಿಗೆ ವಿವರಿಸಿದಾಗ ಅವಳು, “ಗಾಯ ನಂಜಾಗುತ್ತದೆಂದು ನೀನೇ ಹೇಳಿದೆಯಲ್ಲ, ಮತ್ತೆ ನಂಜಿಲ್ಲ ಎಂದರೆ ಹೇಗೆ?” ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಹಾವಿನ ಹಲ್ಲಿನಲ್ಲಿರುವುದೂ ನಂಜು, ಕೊಳೆ ಸೇರಿ ಗಾಯ ಕೀವಾಗುವುದೂ ನಂಜು, ಗಾಯವಿದ್ದಾಗ ಬದನೆಕಾಯಿ ತಿನ್ನಬಾರದೆಂದು ನಮ್ಮೂರಿನ ಹಿರಿಯರು ಹೇಳುವಾಗಲೂ ನಂಜು. ಕಚ್ಚಿದ ಜಾಗಕ್ಕೆ ರೋಗಾಣು ಸೇರಿ ನಂಜಾದದ್ದನ್ನು ಕಂಡವರು ಪ್ರಾಣಿಯಲ್ಲಿಯೇ ನಂಜಿದೆಯೆಂದು ತಿಳಿದರೆ, ಆ ತಪ್ಪಿನಲ್ಲಿ ನಮ್ಮ ಪದಕ್ಕೂ ಪಾಲಿದೆ. ಆದ್ದರಿಂದ ಗಾಯದ ವಿಷಯಕ್ಕೆ ‘ನಂಜಾಗುವುದು’, ಪ್ರಾಣಿಯ ವಿಷಯಕ್ಕೆ ‘ವಿಷ’ ಎಂದು ಬರವಣಿಗೆಯಲ್ಲಾದರೂ ಬೇರ್ಪಡಿಸಬಹುದೆಂದು ನನ್ನ ಅಭಿಪ್ರಾಯ.

ಇನ್ನು ಹೆಸರಿಗೆ ಬರುತ್ತೇನೆ. ‘ಸೂರ್ಯಜೇಡ’, ‘ಗಾಳಿಚೇಳು’ ಎಂಬವು ಬೇರೆ ಭಾಷೆಯ ಹೆಸರುಗಳ ನೆರಳಚ್ಚುಗಳು. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಇದನ್ನು ಕೂದಲು ಕತ್ತರಿಸುವವನೆಂದು ಕರೆಯುತ್ತಾರೆ. ಸೊಗಸಾದ ಹೆಸರಾದರೂ ನಮಗೆ ಹೊಂದದು. ಲ್ಯಾಟಿನ್ನಿನ ಗಣನಾಮಕ್ಕೆ ಸೂರ್ಯನಿಂದ ಓಡುವವು ಎಂದು ಅರ್ಥ, ವೀಡಿಯೊದಲ್ಲಿ ನಡೆದದ್ದೂ ಅದೇ: ಅದು ಬೆನ್ನಟ್ಟಿದ್ದು ಮನುಷ್ಯನನ್ನಲ್ಲ, ಅವನ ನೆರಳನ್ನು. ಮೈಗಳ್ಳ, ಕೆಲಸಗಳ್ಳ ಎಂಬ ಮಾದರಿಯಲ್ಲಿ ಇದನ್ನು ‘ಬಿಸಿಲುಗಳ್ಳ’ ಎನ್ನಬಹುದೇ? ಸೋಮಾರಿತನದ ಛಾಯೆ ಅಡ್ಡಬರುತ್ತದೆಯೇ ಎಂಬ ಅಳುಕು ನನಗಿದೆ, ಏಕೆಂದರೆ ತಾಸಿಗೆ 16 ಕಿ.ಮೀ. ವೇಗದಲ್ಲಿ ಓಡಬಲ್ಲುದೆನ್ನುವ ಪ್ರಾಣಿ ಸೋಮಾರಿಯಂತೂ ಅಲ್ಲ. ಈ ಪ್ರಾಣಿಗಳು ಭಾರತದ ಒಣಪ್ರದೇಶಗಳಲ್ಲಿಯೂ ಇರುವುದರಿಂದ, ಬಯಲುಸೀಮೆಯ ಹೊಲಗಳಲ್ಲಿ ಇದಕ್ಕೆ ಆಡುಮಾತಿನ ಹೆಸರೇನಾದರೂ ಬಳಕೆಯಲ್ಲಿದ್ದರೆ, ಆ ಕಡೆಯವರು ದಯವಿಟ್ಟು ತಿಳಿಸಬೇಕು. ಅಂತಹ ಹೆಸರು ಸಿಕ್ಕಿದರೆ ನನ್ನ ಪದವನ್ನು ಸಂತೋಷದಿಂದ ಹಿಂದೆಗೆದುಕೊಳ್ಳುತ್ತೇನೆ.