ನೇರ ಪ್ರಸಾರದ ಕೊನೆಯ ದಿನವೇ ನೇರ ಅಲ್ಲ ಅಂದ್ರೆ ಹೇಗೆ?

ಹಳೇ ಟ್ರಾನ್ಸಿಸ್ಟರ್, ಉಡುಪಿ:
ಮಳೆ ಬಿಡ್ಲೇ ಇಲ್ಲ, ಮನೆಯಲ್ಲೇ ಕೂತು ಹಳೇದೊಂದು ಕೇಳಿದೆ. ಅಮೆರಿಕದ ‘ಎ ಪ್ರೇರಿ ಹೋಮ್ ಕಂಪ್ಯಾನಿಯನ್’ ರೇಡಿಯೋ ಕಾರ್ಯಕ್ರಮದಲ್ಲಿ ಗ್ಯಾರಿಸನ್ ಕೀಲರ್ ನಿರೂಪಕರಾಗಿ ನಡೆಸಿಕೊಟ್ಟ ಕೊನೆಯ ಕಂತು. ಗೊತ್ತಿಲ್ಲದವರಿಗೆ ಹೇಳ್ತೇನೆ: ಶನಿವಾರ ಸಂಜೆ ಎರಡು ಗಂಟೆ, ಎದುರಿಗೆ ಜನ ಕೂರಿಸಿಕೊಂಡು ನೇರ ಪ್ರಸಾರ. ಹಾಡು, ಕಿರುನಾಟಕ, ಅಂಗಡಿಯಲ್ಲಿ ಸಿಗದ ಬಿಸ್ಕತ್ತಿಗೆ ಸುಳ್ಳು ಜಾಹೀರಾತು. ನಡುವೆ ಲೇಕ್ ವೋಬೆಗಾನ್ ಎಂಬ ಕಲ್ಪನೆಯ ಊರಿನ ಸುದ್ದಿ. ಅದನ್ನು ಕೀಲರ್ ಕೈಯಲ್ಲೊಂದು ಚೀಟಿಯೂ ಇಲ್ಲದೆ ಹೇಳ್ತಿದ್ರು.

1974ರ ಜುಲೈ 6ರಂದು ಸೇಂಟ್ ಪಾಲ್ ನಗರದ ಕಾಲೇಜೊಂದರಲ್ಲಿ ಶುರುವಾದಾಗ ಬಂದಿದ್ದವರು ಹನ್ನೆರಡು ಜನ. 2016ರಲ್ಲಿ ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲ್ ಬಯಲಿನಲ್ಲಿ ಬೀಳ್ಕೊಡುವಾಗ ಸುಮಾರು 18,000. ಆದರೆ ಅದು ಜುಲೈ 1, ಶುಕ್ರವಾರ. ಧ್ವನಿಮುದ್ರಿಸಿಕೊಂಡು ಮರುದಿನ ಬಿತ್ತರಿಸಿದ್ರು! ಅಷ್ಟು ವರ್ಷ ‘ನೇರ’ ಅಂತ ಹೆಸರು ಮಾಡಿ ಕೊನೆಯದನ್ನು ತಂಗಳು ಬಡಿಸಿದ್ರೆ? ನನಗಂತೂ ಪಿಚ್ಚೆನಿಸಿತು.

ಕದ್ರಿ ಗುಡ್ಡೆ:
ನೀವು ಕೇಳಿದ್ದು ಇಷ್ಟು ವರ್ಷದ ಮೇಲೆ, ಮೊಬೈಲಿನಲ್ಲಿ. ನಿಮಗೆಂತ ತಂಗಳು, ಎಂತ ಬಿಸಿ ಮಾರಾಯ್ರೆ? ಆ 18,000 ಜನಕ್ಕೆ ಅದು ನೇರವೇ. ಒಬಾಮಾ ಫೋನೂ ಬಂದಿತ್ತು. ಒಂದು ದಿನ ತಡವಾದ್ರೆ ನಗು ಹುಳಿಯಾಗ್ತದಾ?

ಮದ್ದಳೆ ಪೆಟ್ಟು:
ಹುಳಿಯಾಗ್ತದೆ ಸ್ವಾಮಿ. ಕೇಳುವವರಿಗಲ್ಲ, ಮಾಡುವವರಿಗೆ.

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ, ಅಂದ್ರೆ ನೀವು ಹೇಳುವ ಕಾರ್ಯಕ್ರಮಕ್ಕಿಂತ ಎರಡು ವರ್ಷ ಸಣ್ಣದು. ಅಲ್ಲಿಗೆ ತಾಳಮದ್ದಳೆಗೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಮದ್ದಳೆ ಹಿಡ್ಕೊಂಡು ಹೋದವ ನಾನು. ಧ್ವನಿಮುದ್ರಣದ ದಿನ ನಾವೆಲ್ಲ ರಾಜರು. ಅರ್ಥ ಹೇಳುವಾಗ ಮಾತು ತಪ್ಪಿತಾ, ‘ಇನ್ನೊಮ್ಮೆ ಹೇಳ್ತೇನೆ’ ಅಂದ್ರೆ ಮುಗೀತು. ಒಮ್ಮೆ ನೇರ ಪ್ರಸಾರ ಇತ್ತು, ಕರ್ಣಪರ್ವ. ಕೆಂಪು ದೀಪ ಹೊತ್ತಿತು. ಶಲ್ಯನದ್ದೂ ಕರ್ಣನದ್ದೂ ಮಾತಿಗೆ ಮಾತು ಬೆಳೀತಾ ಹೋಯ್ತು, ಯಾರಿಗೂ ಗಡಿಯಾರದ ನೆನಪಿಲ್ಲ. ನೋಡಿದ್ರೆ ಗಾಜಿನ ಆಚೆಯಿಂದ ನಾಲ್ಕು ಬೆರಳು ತೋರಿಸ್ತಾ ಇದ್ದಾರೆ. ರಥದ ಚಕ್ರ ಇನ್ನೂ ಹೂತಿಲ್ಲ! ಭಾಗವತರು ಎರಡು ಪದ್ಯ ಹಾರಿಸಿ ಮೂರನೆಯದಕ್ಕೆ ಹಾಕಿದ್ರು, ನಾನು ತಾಳ ಹುಡುಕ್ಕೊಂಡು ಹಿಂದೆ ಓಡಿದೆ. ಕರ್ಣನಿಗೆ ಸಾಯ್ಲಿಕ್ಕೆ ಸಿಕ್ಕಿದ್ದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲಿ ಅವರು ಆಡಿದ ಮಾತು ರಾತ್ರಿಯಿಡೀ ಕೊಟ್ರೂ ಬರ್ಲಿಕ್ಕಿಲ್ಲ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಒಳಗೆ ಏಸಿ ಇತ್ತು ಅನ್ನುವುದು ಬೇರೆ.

ಆ ಹೆದರಿಕೆ ಇಲ್ಲದ್ದನ್ನು ನೇರ ಅಂತ ನಾನು ಕರೆಯುವುದಿಲ್ಲ.

ಮಣಿಪಾಲ ರಾತ್ರಿಪಾಳಿ:
ಓದಿನ ದಿನಗಳಲ್ಲಿ ನಾನಿದನ್ನು ಇಂಟರ್ನೆಟ್ಟಿನಲ್ಲಿ ನೇರ ಕೇಳಿದ್ದೇನೆ. ಅಲ್ಲಿಯ ಶನಿವಾರ ಸಂಜೆ ಐದು ಅಂದ್ರೆ ಇಲ್ಲಿ ಭಾನುವಾರ ಬೆಳಗಿನ ಜಾವ ಮೂರೂವರೆ, ಅವರ ಚಳಿಗಾಲದಲ್ಲಿ ನಾಲ್ಕೂವರೆ. ಹಾಸ್ಟೆಲ್ ಮಲಗಿರ್ತಿತ್ತು, ಇಯರ್‌ಫೋನಿನಲ್ಲಿ ಯಾರದ್ದೋ ಬೂಟಿನ ಸದ್ದು, ಬಾಗಿಲು ಕಿರ್‌ರ್ ಅನ್ನುವುದು, ಕುದುರೆ. ಎಷ್ಟೋ ಸದ್ದು ಫ್ರೆಡ್ ನ್ಯೂಮನ್ ಬಾಯಲ್ಲೇ ಮಾಡ್ತಿದ್ದದ್ದು.

ಇನ್ನೊಂದು ಹೇಳ್ಬೇಕು. ಅದು ಕೀಲರ್ ಅವರ ಮೊದಲ ವಿದಾಯ ಅಲ್ಲ. 1987ರ ಜೂನ್ 13ರಂದು ಒಮ್ಮೆ ‘ಇದೇ ಕೊನೆ’ ಅಂತ ಮುಗಿಸಿ ಡೆನ್ಮಾರ್ಕಿಗೆ ಹೋಗಿದ್ರು. 1989ರಲ್ಲಿ ನ್ಯೂಯಾರ್ಕಿನಿಂದ ಬೇರೆ ಹೆಸರಿನಲ್ಲಿ ಮತ್ತೆ ಶುರು. 1993ರಲ್ಲಿ ಹಳೇ ಹೆಸರೇ ವಾಪಸ್.

ಕಟೀಲು ದಾರಿ:
ಹಾಗಾದ್ರೆ ಅದು ಪತ್ತನಾಜೆ ಮಾರಾಯ್ರೆ, ನಮ್ಮ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸುವ ದಿನ! ಗೆಜ್ಜೆ ಬಿಚ್ಚಿದ್ದು, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟಿದ್ದು. ಅದಕ್ಕೆ ಯಾರಾದ್ರೂ ಅಳ್ತಾರಾ?

ನನ್ನ ತಕರಾರು ಬೇರೆ. ನಮ್ಮಲ್ಲಿ ಭಾಗವತರು ಹೋದ್ರೆ ಮೇಳ ನಿಲ್ಲುವುದಿಲ್ಲ, ಯಾಕಂದ್ರೆ ಮೇಳ ದೇವರದ್ದು. ಒಂದೇ ರಾತ್ರಿ ಎರಡು ಮೂರು ಭಾಗವತರು ಜಾಗಟೆ ಬದಲಿಸ್ಕೊಳ್ತಾರೆ. ಅಲ್ಲಿ ನೋಡಿದ್ರೆ ಬರೆಯುವವರೂ ಅವರೇ, ಹಾಡುವವರೂ ಅವರೇ, ಕತೆಯೂ ಅವರದ್ದೇ. ಅದು ಮೇಳ ಅಲ್ಲ, ಒಬ್ಬರ ಮನೆ ಜಗಲಿ. ಅವರು ಎದ್ದು ಹೋದ್ರೆ ಜಗಲಿ ಖಾಲಿ.

ಮಣಿಪಾಲ ರಾತ್ರಿಪಾಳಿ:
ಆದದ್ದೂ ಹಾಗೆಯೇ. 2016ರ ಅಕ್ಟೋಬರಿನಲ್ಲಿ ಮ್ಯಾಂಡೊಲಿನ್ ವಾದಕ ಕ್ರಿಸ್ ಥೀಲಿ ಬಂದ್ರು. ಸಂಗೀತ ಒಳ್ಳೇದಿತ್ತು, ಊರಿನ ಸುದ್ದಿ ಹೋಯ್ತು. 2017ರಲ್ಲಿ ಕೀಲರ್ ಮೇಲೆ ಅನುಚಿತ ವರ್ತನೆಯ ಆರೋಪ ಬಂದು ಮಿನ್ನೆಸೋಟ ಪಬ್ಲಿಕ್ ರೇಡಿಯೋ ಸಂಬಂಧ ಕಡಿದುಕೊಂಡಿತು. ಹೆಸರನ್ನೂ ‘ಲೈವ್ ಫ್ರಮ್ ಹಿಯರ್’ ಅಂತ ಬದಲಿಸಿದ್ರು. 2020ರಲ್ಲಿ ಅದೂ ನಿಂತಿತು.

ಕದ್ರಿ ಗುಡ್ಡೆ:
ಹೆಸರಲ್ಲೇ ಲೈವ್ ಇಟ್ಟುಕೊಂಡದ್ದು ಮೊದಲು ಸತ್ತಿತು 😀

ಆದ್ರೆ ಕಟೀಲು ದಾರಿ ಅಣ್ಣ, ಅಮೆರಿಕದಲ್ಲೂ ಮೇಳ ಉಂಟು. ನ್ಯಾಶ್‌ವಿಲ್ ಊರಿನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಸಂಗೀತ ಕಾರ್ಯಕ್ರಮ 1925ರಿಂದ ನಡೀತಾ ಇದೆ, ಯಾರು ಬಂದ್ರೂ ಹೋದ್ರೂ. 1974ರಲ್ಲಿ ಹಳೇ ರೈಮನ್ ಸಭಾಂಗಣ ಬಿಟ್ಟು ಹೊಸದಕ್ಕೆ ಹೋಗುವಾಗ ಹಳೇ ವೇದಿಕೆಯಿಂದ ಆರಡಿ ಅಗಲದ ಮರದ ವೃತ್ತ ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದ್ರು. ಇವತ್ತಿಗೂ ಹಾಡುವವರು ಅದರ ಮೇಲೆಯೇ ನಿಲ್ಲುವುದು. ಆ ಸ್ಥಳಾಂತರದ ಬಗ್ಗೆ ‘ನ್ಯೂಯಾರ್ಕರ್’ ಪತ್ರಿಕೆಗೆ ಬರೀಲಿಕ್ಕೆ ಹೋಗಿದ್ದ ಕೀಲರ್, ಅದನ್ನು ನೋಡಿಯೇ ತಾನೂ ಒಂದು ಮಾಡ್ಬೇಕು ಅಂದುಕೊಂಡದ್ದು.

ಹಳೇ ಟ್ರಾನ್ಸಿಸ್ಟರ್, ಉಡುಪಿ:
ಇದು ಗೊತ್ತಿರ್ಲಿಲ್ಲ. ವೃತ್ತ ನೋಡಿ ಬಂದವರು ತನ್ನದಕ್ಕೆ ವೃತ್ತ ಕೊಯ್ದಿಡ್ಲಿಲ್ಲ ಅಂತಾಯ್ತು.

ಶುಕ್ರವಾರದ ಸಿಟ್ಟು ಮಾತ್ರ ನನಗೆ ಇಳೀಲಿಲ್ಲ. ಅಮ್ಮ ರೇಡಿಯೋದ ಸೆಲ್ ಬಿಸಿಲಿಗಿಟ್ಟು, ಅದಕ್ಕೆ ಜೀವ ಬರಿಸಿ ವಾರ್ತೆ ಕೇಳ್ತಿದ್ದ ಮನೆಯವ ನಾನು. ಆ ಕಡೆ ಒಬ್ಬರು ಈಗಲೇ ಮಾತಾಡ್ತಾ ಇದ್ದಾರೆ ಅಂತ ಅಲ್ವಾ ಅಷ್ಟು ಕಷ್ಟಪಟ್ಟದ್ದು? ಇರ್ಲಿ. ಮದ್ದಳೆಯವರೇ, ಆ ಕರ್ಣಪರ್ವದ ರೆಕಾರ್ಡಿಂಗ್ ನಿಮ್ಮ ಹತ್ರ ಉಂಟಾ? ಕೇಳುವ ಆಸೆ.

ಮದ್ದಳೆ ಪೆಟ್ಟು:
ಇಲ್ಲ. ಅದು ನೇರ ಹೋದದ್ದಲ್ವಾ.