ಸಹಾಯ ಬೇಕು: ಬಿಸಿಲು ತಡೆಯೋ ಹೂಗಿಡ ಎರೆಮಣ್ಣಿನಲ್ಲಿ ಮಳೆಗೆ ಕೊಳೀತಾವ

ಎಲ್ಲರಿಗೂ ಶರಣ್ರೀ. ಕಲಬುರಗಿಯಲ್ಲಿ ಮನೆ ಮುಂದೆ 20×10 ಅಡಿ ಜಾಗ, ಮೂರಡಿ ಆಳದ ತನಕ ಎರೆಮಣ್ಣು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮಾತ್ರ ಬೋರಿನ ನೀರು.

ನಿತ್ಯಪುಷ್ಪ ಮೇ ತಿಂಗಳ 42 ಡಿಗ್ರಿ ತಡೀತದ, ಆಗಸ್ಟಿನಲ್ಲಿ ನಾಲ್ಕು ದಿನ ಜಡಿಮಳೆ ಹಿಡಿದ್ರ ಸಾಯ್ತದ. ಮಣ್ಣು ಹಸಿ ಇದ್ರೂ ಎಲೆ ಜೋತು ಬೀಳ್ತದ, ಬುಡ ಕಪ್ಪಾಗಿ ಮೆತ್ತಗಾಗ್ತದ. ಕಿತ್ತು ನೋಡಿದ್ರ ಬೇರಿನ ಸಿಪ್ಪೆ ಕೈಗೆ ಸುಲಿದು ಬಂದು ಒಳಗಿನ ನಾರಷ್ಟೇ ಉಳೀತದ. ನೀರು ನಿಂತು ಬೇರಿಗೆ ಗಾಳಿ ಇಲ್ಲದಾಗ ಹತ್ತೋ ಕೊಳೆರೋಗ ಇದು. ಗುಂಡಿ ತೋಡಿ ಮರಳು ತುಂಬಿದ್ರೂ ಉಪಯೋಗಿಲ್ಲ. ಸುತ್ತ ಎರೆ ಇರೋದ್ರಿಂದ ಗುಂಡಿ ಬಟ್ಟಲಾಗಿ ನೀರು ಹಿಡೀತದ.

ಅದಕ್ಕ ಒಡೆದ ಶಹಾಬಾದ್ ಕಲ್ಲು ನಿಲ್ಲಿಸಿ ಒಂದಡಿ ಎತ್ತರದ ಮಡಿ ಕಟ್ಟೋ ವಿಚಾರ. ಒಟ್ಟು 200 ಘನ ಅಡಿ, ಅಂದ್ರ ಎರಡು ಬ್ರಾಸ್: ಮುರುಮ್ (ಗರಸು ಮಣ್ಣು) ಒಂದು, ಎರೆಮಣ್ಣು ಅರ್ಧ, ಕೊಳೆತ ತಿಪ್ಪೆಗೊಬ್ಬರ ಅರ್ಧ. ಗೊಬ್ಬರ ಜಾಸ್ತಿ ಆಯ್ತೇನ್ರಿ? ಸೊಂಪಾಗಿ ಬೆಳೆದ ಎಳೆ ಟೊಂಗೆ ಬಿಸಿಲಿಗೆ ಬೇಗ ಬಾಡ್ತದ.

ಹಿಂದೆ ನಾಲ್ಕಡಿಗೊಂದು ಕಾಗದದ ಹೂ, ಮುಂದೆ ಹಬ್ಬೋ ಲಂಟಾನ, ಗೈಲಾರ್ಡಿಯಾ. ಕಣಗಿಲೆ ಗಟ್ಟಿ ಗಿಡ, ಆದರ ವಿಷ. ದನ ಬಾಯಿ ಹಾಕೋ ಜಾಗ, ಬೇಡ.

ಗೈಲಾರ್ಡಿಯಾ ಎರೆಯಲ್ಲಿ ಎರಡನೇ ವರ್ಷಕ್ಕೂ ಉಳಿದದ್ದು ಯಾರಾದ್ರೂ ನೋಡೀರೇನು? ಒಂದಡಿ ಎತ್ತರ ಸಾಕೋ, ಒಂದೂವರೆ ಬೇಕೋ? ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಸರಾಗ ಇಳೀತದ, ಲೆಕ್ಕ ಬೇರೆ. ಯಾದಗಿರಿ, ಜೇವರ್ಗಿ ಕಡೆ ಎರೆಮಣ್ಣಿನವರು ದಯವಿಟ್ಟು ಹೇಳ್ರಿ. ಮಳೆ ಬೀಳೋದ್ರೊಳಗ ಮಡಿ ಮುಗಿಸಬೇಕು.