2011ರ ಆಲ್ಟೊ, 15 ವರ್ಷ ಮುಗಿಯೋಕೆ ಬಂದಿದೆ: ಎಫ್‌ಸಿಯಲ್ಲಿ (ಫಿಟ್‌ನೆಸ್ ಪರೀಕ್ಷೆಯಲ್ಲಿ) ಯಾವುದಕ್ಕೆ ರಿಜೆಕ್ಟ್ ಮಾಡ್ತಾರೆ?

ಹರಿಹರದ ಹುಡುಗ:
ಎಲ್ಲರಿಗೂ ನಮಸ್ಕಾರ. ಭೀಮಸಮುದ್ರದ ಕಡೆಯವರೊಬ್ಬರ 2011ರ ಆಲ್ಟೊ ನೋಡಿಕೊಂಡು ಬಂದೆ. ಕೆಎ 16 ನಂಬರು, ಪೆಟ್ರೋಲ್, ಸೆಕೆಂಡ್ ಓನರ್. ಇಂಜಿನ್ ಸದ್ದು ಚೆನ್ನಾಗಿದೆ, ಪೇಂಟ್ ಹೊಸದರ ಹಂಗೆ ಹೊಳೀತಿದೆ. ಆದರೆ ಆರ್‌ಸಿ (ನೋಂದಣಿ) ಮುಗಿಯೋಕೆ ಎರಡೇ ತಿಂಗಳು. "ಎಫ್‌ಸಿ ನೀವೇ ಮಾಡಿಸ್ಕೊಳ್ಳಿ, ಅದಕ್ಕೇ ರೇಟು ಕಮ್ಮಿ" ಅಂತಾರೆ. ದಿನಾ ದಾವಣಗೆರೆಗೆ ಹೋಗಿ ಬರಬೇಕು, ಮಕ್ಕಳೂ ಜೊತೆಗಿರ್ತಾರೆ. ಇಂಥ ಗಾಡಿ ಸಾಮಾನ್ಯವಾಗಿ ಯಾವುದರಲ್ಲಿ ಫೇಲ್ ಆಗುತ್ತೆ? ಅಡ್ವಾನ್ಸ್ ಕೊಡೋ ಮುಂಚೆ ಏನು ನೋಡಲಿ?

ಗ್ಯಾರೇಜ್ ಅಣ್ಣ, ದಾವಣಗೆರೆ:
ಅಡ್ವಾನ್ಸ್ ಈಗಲೇ ಕೊಡಬೇಡಿ ತಮ್ಮಾ. ಪೇಂಟ್ ಹೊಳೀತಿದೆ ಅಂದ್ರಲ್ಲ, ನನಗೆ ಅದೇ ಚಿಂತೆ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅದಿರು ಲಾರಿ ಓಡೋ ರಸ್ತೆಯ ಕೆಂಪು ಧೂಳು ಗಾಡಿ ಕೆಳಗೆ ಸಂದಿ ಸಂದಿಗೆ ಕೂತಿರುತ್ತೆ. ಮಳೆಗಾಲದಲ್ಲಿ ಅದು ಕೆಸರಾಗಿ ತೇವ ಹಿಡಿದಿಟ್ಟುಕೊಳ್ಳುತ್ತೆ, ತಗಡು ಒಳಗಿಂದ ತುಕ್ಕು ಹಿಡಿಯುತ್ತೆ. ಮೊದಲು ಕಾಲಡಿಯ ಮ್ಯಾಟ್, ಕಾರ್ಪೆಟ್ ಎತ್ತಿ ನೋಡಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಹಿಂದಿನ ಚಕ್ರದ ಆರ್ಚ್, ಬಾನೆಟ್ ಎತ್ತಿದರೆ ಕಾಣೋ ಶಾಕ್ ಅಬ್ಸಾರ್ಬರ್ ತಲೆಯ ಸುತ್ತ, ಎಲ್ಲಾ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತೆ, ಪುಟ್ಟಿ ತುಂಬಿದ್ದರೆ ಮಂದ ಸದ್ದು ಬರುತ್ತೆ.

ಎರಡನೇದು ಬ್ರೇಕ್. ಇಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ ಬಿಡಿ, ಗಟ್ಟಿಯಾಗಬೇಕು. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಸರಿ ಇದೆ ಅಂತ. ಆಮೇಲೆ ಒತ್ತಿದ ಕಾಲು ಹಾಗೇ ಇಟ್ಟಿರಿ. ಪೆಡಲ್ ಮೆಲ್ಲಗೆ ತಳಕ್ಕೆ ಜಾರುತ್ತಾ ಹೋದರೆ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗಿದೆ, ಇಲ್ಲಾ ಎಲ್ಲೋ ಲೀಕ್ ಇದೆ. ಹಿಂದಿನ ಚಕ್ರದ ಒಳಮೈ ಒದ್ದೆ ಕಂಡರೆ ಡ್ರಮ್ ಒಳಗೆ ವೀಲ್ ಸಿಲಿಂಡರ್ ಸೋರ್ತಿದೆ. ಹ್ಯಾಂಡ್‌ಬ್ರೇಕ್ ಎಳೆದು ಏರಲ್ಲಿ ನಿಲ್ಲಿಸಿ ನೋಡಿ. ಹಳೇ ಗಾಡಿಗಳಲ್ಲಿ ಬಹಳ ಸಲ ಇದು ಹೆಸರಿಗಷ್ಟೇ ಇರುತ್ತೆ.

ಸ್ಟೇರಿಂಗ್: ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ ಎಡ ಬಲ ಹಿಡಿದು ಅಲ್ಲಾಡಿಸಿ, ಕಟಕ್ ಅಂದರೆ ಟೈ ರಾಡ್ ಎಂಡ್ ನೋಡಿ. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಟೈರಿನ ಗ್ರಿಪ್ ಕಮ್ಮಿ ಅಂದರೂ 1.6 ಮಿ.ಮೀ. ಇರಬೇಕು. ಗ್ರಿಪ್ ಸಂದಿಯಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತೆ, ಟೈರು ಸವೆದು ಅದರ ಮಟ್ಟಕ್ಕೆ ಬಂದರೆ ಮುಗೀತು. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 1419 ಅಂದರೆ 2019ರ 14ನೇ ವಾರದಲ್ಲಿ ಮಾಡಿದ್ದು. ಗ್ರಿಪ್ ಇದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟ ಟೈರು ಹೈವೇಗೆ ಬೇಡ.

ಲೈಟು ಸಣ್ಣ ಖರ್ಚು, ಆದರೂ ಅದಕ್ಕೇ ತುಂಬಾ ಗಾಡಿ ವಾಪಸ್ ಬರ್ತವೆ. ಬ್ರೇಕ್ ಒತ್ತಿದಾಗ ಹಿಂದೆ ಇಂಡಿಕೇಟರ್ ಕೂಡ ಮಿಣುಕಿದರೆ ಬಲ್ಬ್ ತಪ್ಪಲ್ಲ, ಅರ್ಥ್ ವೈರ್ ಸಡಿಲ ಅಥವಾ ತುಕ್ಕು. ಹೆಡ್‌ಲೈಟಿಗೆ 60/55 ವ್ಯಾಟಿನ ಬಲ್ಬೇ ಇರಲಿ. ಬಿಳಿ ಎಲ್‌ಇಡಿ ಹಾಕಿದ್ದರೆ ತೆಗೆಸಿ, ಹೈವೇ ಮೇಲೆ ಎದುರು ಬರೋನ ಕಣ್ಣು ಕುಕ್ಕುತ್ತೆ. ಕನ್ನಡಿ, ವೈಪರ್, ಹಾರನ್ ನೀವೇ ನೋಡ್ಕೊಳ್ತೀರಿ.

ಎಫ್‌ಸಿ ದಿನಕ್ಕೆ ಅಂತ ಬೇರೆ ಗಾಡಿಯ ಟೈರು ಹಾಕಿ, ಪಾಸಾದ ಮೇಲೆ ಬಿಚ್ಚಿಕೊಡ್ತೀವಿ ಅನ್ನೋರು ಸಿಗ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಹತ್ತು ನಿಮಿಷ ನೋಡ್ತಾರೆ, ಮಕ್ಕಳು ದಿನಾ ಕೂರ್ತಾರೆ.

ದುರ್ಗದವನು:
ಅಣ್ಣ ಗಾಡಿ ಬಗ್ಗೆ ಹೇಳಿದ್ರು, ನಾನು ಕಾಗದದ್ದು ಹೇಳ್ತೀನಿ. ಬಾನೆಟ್ ಎತ್ತಿ, ಇಂಜಿನ್ ಹಿಂದಿನ ತಗಡಿನ ಮೇಲಿನ ಚಾಸಿ ನಂಬರ್ ಆರ್‌ಸಿಗೆ ತಾಳೆ ನೋಡಿ. ತುಕ್ಕು ತಿಂದು ಅಂಕಿ ಕಾಣದೆ ಹೋದರೂ ಎಫ್‌ಸಿ ನಿಂತುಬಿಡುತ್ತೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ಹಾಗೇ ಇದ್ದರೆ ಅದನ್ನು ತೆಗೆಸೋ ಫಾರ್ಮ್ 35, ಬ್ಯಾಂಕಿನ ಎನ್‌ಒಸಿ ಮಾರೋರಿಂದಲೇ ತಗೊಳ್ಳಿ. ಎಲ್‌ಪಿಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಮುಂದೆ ಕಬ್ಬಿಣದ ಬುಲ್ ಬಾರ್ ಇದ್ದರೆ ತೆಗೆಸಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಆರ್‌ಸಿ ನವೀಕರಣದ ಫಾರ್ಮ್ 25 ಅರ್ಜಿಯನ್ನು ಅವಧಿ ಮುಗಿಯೋಕೆ 60 ದಿನ ಇರುವಾಗಿಂದ ಕೊಡಬಹುದು. ಪಾಸಾದರೆ 5 ವರ್ಷ ಸಿಗುತ್ತೆ. ಕಾರಿಗೆ 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5000 ಆಯ್ತು, ರೇಟು ಮಾತಾಡುವಾಗ ಇದು ಲೆಕ್ಕದಲ್ಲಿರಲಿ.

ಹರಿಹರದ ಹುಡುಗ:
ಇಬ್ಬರಿಗೂ ಧನ್ಯವಾದ. ಇವತ್ತು ಮತ್ತೆ ಹೋಗಿದ್ದೆ. ಕಾಗದ ಸರಿ ಇದೆ, ಬ್ರೇಕೂ ಅಣ್ಣ ಹೇಳಿದಂಗೇ ಇದೆ. ಆದರೆ ಡ್ರೈವರ್ ಕಡೆ ಕಾರ್ಪೆಟ್ ಎತ್ತಿದರೆ, ರನ್ನಿಂಗ್ ಬೋರ್ಡಿಗೆ ಸೇರೋ ಮೂಲೆಯಲ್ಲಿ ಸ್ಕ್ರೂಡ್ರೈವರ್ ಒತ್ತಿದ ತಕ್ಷಣ ಒಳಗೇ ಹೋಯ್ತು. ಕೆಳಗಿಂದ ತಗಡಿನ ತುಂಡು ಅಂಟಿಸಿ ಕಪ್ಪು ಕೋಟಿಂಗ್ ಬಳಿದಿದ್ದಾರೆ. ಹತ್ತು ಸಾವಿರ ಇಳಿಸ್ತೀನಿ ಅಂತಾರೆ. ಟಿಂಕರಿಂಗ್ ಮಾಡಿಸಿದರೆ ಆಗುತ್ತಾ ಅಣ್ಣಾ?

ಗ್ಯಾರೇಜ್ ಅಣ್ಣ, ದಾವಣಗೆರೆ:
ಬೇಡ ತಮ್ಮಾ, ಬಿಟ್ಟುಬಿಡಿ. ಬಾಗಿಲಿಗೋ ಬಾನೆಟ್ಟಿಗೋ ತುಕ್ಕು ಹಿಡಿದಿದ್ದರೆ ಮಾಡಿಸಿ ಅಂತಿದ್ದೆ. ಈ ಗಾಡಿಗಳಿಗೆ ಲಾರಿ ಥರ ಬೇರೆ ಚಾಸಿ ಇರಲ್ಲ, ಆ ತಗಡೇ ಗಾಡಿಯ ಬೆನ್ನೆಲುಬು. ಸೀಟ್ ಬೆಲ್ಟಿನ ಕೆಳಗಿನ ಬೋಲ್ಟ್ ಕೂಡ ಅಲ್ಲೇ ಹತ್ತಿರ ಇರೋದು. ಅಂಟಿಸಿ ಬಳಿದು ಮುಚ್ಚಿದ್ದಾರೆ ಅಂದರೆ ಕೊಳೆತಿರೋದು ಅಷ್ಟೇ ಜಾಗ ಅಂತ ನಂಬೋಕಾಗಲ್ಲ. ಸರಿಯಾಗಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದರೆ ಅವರು ಇಳಿಸೋ ಹತ್ತು ಸಾವಿರ ಸಾಲಲ್ಲ.

ಬೇರೆ ಗಾಡಿ ಸಿಕ್ಕಿದರೆ ಬೆಳಿಗ್ಗೆ ಹೊತ್ತು ಹೋಗಿ, ಇಂಜಿನ್ ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ, ಅಂಥದ್ದು ಬೇಡ. ಅದು ಸರಿ ಕಂಡರೆ ಮಾರೋರನ್ನೇ ಕರ್ಕೊಂಡು ಯಾವುದಾದರೂ ಸರ್ವಿಸ್ ಸ್ಟೇಷನ್‌ನಲ್ಲಿ ರ್‍ಯಾಂಪ್ ಹತ್ತಿಸಿ ಕೆಳಗೆ ನೋಡಿ. ಹತ್ತಿಸೋಕೆ ಒಪ್ಪದಿದ್ದರೆ ರೇಟು ಮಾತಾಡೋಕೇ ಹೋಗಬೇಡಿ.